ಟ್ಯಾಂಕಿನ ಟೋಪಿ

ಆ ಮನೆಗೆ ಮೊದಲು ಬಂದದ್ದು ಇಂಜಿನ್ನು, ಆಮೇಲೆ ಮಗ. ಹಾಗಾಗಿ ಲಾಂಚಿನ ಹೊಟ್ಟೆಯಲ್ಲಿ ಕೂತಿದ್ದ ಆ ಹಳೇ ಡೀಸೆಲ್ ಇಂಜಿನ್ನನ್ನು ಮನೆಮಂದಿಯೆಲ್ಲ ದೊಡ್ಡಣ್ಣ ಅಂತಲೇ ಕರೆಯುತ್ತಿದ್ದರು. ಸೊಸೆ ಮದುವೆಯಾಗಿ ಬಂದ ಹೊಸತರಲ್ಲಿ ಮಾವ ಅವಳನ್ನು ಲಾಂಚಿಗೆ ಕರೆದುಕೊಂಡು ಹೋಗಿ, "ಇವನು ನಿನ್ನ ಭಾವ ಕಣಮ್ಮ. ಸ್ವಲ್ಪ ಮುಂಗೋಪಿ. ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಹಾಕಿದ್ರೆ ಯಾರ ತಂಟೆಗೂ ಬರಲ್ಲ" ಎಂದು ಪರಿಚಯ ಮಾಡಿಸಿದ್ದರು. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಿದ್ದಳು. ಈ ಮಳೆಗಾಲದಲ್ಲಿ ಮಾತ್ರ ಆ ಭಾವನ ಹೆಸರೆತ್ತಿದರೆ ಸಾಕು, ಅವಳು ಹೊಳೆಯ ಕಡೆ ತಿರುಗಿ ನೋಡುತ್ತಿದ್ದಳು.

ಹೊಳೆಯ ಈ ದಡದಲ್ಲಿ ಮನೆಗಳು; ಆ ದಡದಲ್ಲಿ ಶಾಲೆ, ಆಸ್ಪತ್ರೆ, ಮಾರುಕಟ್ಟೆ. ಸೇತುವೆ ಹುಡುಕಿಕೊಂಡು ಹೊರಟರೆ ಅರ್ಧ ದಿನದ ಸುತ್ತು. ಕಣ್ಣಿಗೆ ಪೊರೆ ಬರುವವರೆಗೆ ಮಾವ ಲಾಂಚು ನಡೆಸಿದರು, ಈಗ ಮಗ ನಡೆಸುತ್ತಿದ್ದ. ಸೊಸೆ ದಡದಲ್ಲಿ ನಿಂತು ಟಿಕೆಟ್ ಹರಿಯುತ್ತಿದ್ದಳು. ಹೊಳೆಯ ಕೆಳಗಡೆ, ಕಣ್ಣಿಗೆ ಕಾಣುವಷ್ಟು ದೂರದಲ್ಲಿ, ಒಂದು ಒಡ್ಡು. ಮಳೆಗಾಲದಲ್ಲಿ ಅದರ ಗೇಟು ತೆಗೆದರೆ ನೀರೆಲ್ಲ ಅತ್ತ ಕಡೆಗೇ ಎಳೆಯುತ್ತದೆ. ಅದರ ಹತ್ತಿರ ಯಾರೂ ಹೋಗಬಾರದೆಂದು ಕೆಂಪು ಡ್ರಮ್ಮುಗಳನ್ನು ಸಾಲಾಗಿ ತೇಲಿಬಿಟ್ಟಿದ್ದರು. ಇಂಜಿನ್ನು ಓಡುತ್ತಿರುವಷ್ಟು ಹೊತ್ತು ಆ ಡ್ರಮ್ಮುಗಳ ಕಡೆ ಯಾರೂ ತಿರುಗಿ ನೋಡುತ್ತಿರಲಿಲ್ಲ.

ಮೊದಲ ಸಲ ಅದು ನಿಂತಾಗ ಅವಳು ದಡದಲ್ಲೇ ಇದ್ದಳು. ಲಾಂಚು ನಡುಹೊಳೆಯಲ್ಲಿತ್ತು. ದೊಡ್ಡಣ್ಣನ ದನಿ ಇದ್ದಕ್ಕಿದ್ದಂತೆ ಏರಿತು, ಇಳಿಯಿತು, ಬಿಕ್ಕಳಿಸಿತು, ಆಮೇಲೆ ಇಲ್ಲ. ಇಂಜಿನ್ನಿನ ಸದ್ದು ಅಡಗಿದ ಮೇಲೆ ಹೊಳೆಯ ಸದ್ದು ಎಷ್ಟು ದೊಡ್ಡದು ಅನ್ನುವುದು ಅವಳಿಗೆ ಅವತ್ತೇ ಗೊತ್ತಾದದ್ದು. ಗಂಡ ಲಂಗರು ಎಸೆದ. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ಪೈಪಿನೊಳಗೆ ಸೇರಿಕೊಂಡ ಗಾಳಿಯನ್ನು ಹೊರಗೆ ಬಿಟ್ಟ. ಡೀಸೆಲ್ ಎಷ್ಟಿದೆಯೆಂದು ಟ್ಯಾಂಕಿನ ಮುಚ್ಚಳ ತೆಗೆದು ಇಣುಕಿದ. ಮತ್ತೆ ಹ್ಯಾಂಡಲ್ ತಿರುಗಿಸಿದರೆ ಇಂಜಿನ್ನು ಏನೂ ಆಗೇ ಇಲ್ಲ ಅನ್ನುವ ಹಾಗೆ ಓಡಿತು. ಅವನು ದಡಕ್ಕೆ ಬಂದಾಗ ಅಂಗಿಯೆಲ್ಲ ಒದ್ದೆಯಾಗಿತ್ತು. ಅವತ್ತು ಮಳೆ ಬಂದಿರಲಿಲ್ಲ.

ಊಟಕ್ಕೆ ಕೂತಾಗಲೇ ಶುರುವಾಯಿತು.

"ಡೀಸೆಲ್ ಸೋಸಿ ಹಾಕಿದ್ರಾ ಅಪ್ಪಾ?" ಎಂದ ಮಗ. ಟ್ಯಾಂಕು ತುಂಬಿಸುವ ಕೆಲಸ ಈಗಲೂ ಮಾವನದೇ.

"ಸೋಸದೆ ಹಾಕ್ತೀನಾ? ನೀನು ಹುಟ್ಟೋಕ್ ಮುಂಚಿನಿಂದ ಸೋಸ್ತಾ ಇದೀನಿ."

"ಕಣ್ಣು ಕಾಣೋವಾಗ ಸೋಸಿದ್ದು ಬೇರೆ, ಈಗ ಸೋಸೋದು ಬೇರೆ."

ತುತ್ತು ಎತ್ತಿದ್ದ ಮಾವನ ಕೈ ಅಲ್ಲೇ ನಿಂತಿತು. "ನನ್ನ ಕಾಲದಲ್ಲಿ ಅವನು ಒಂದು ದಿನ ನಡುನೀರಲ್ಲಿ ನಿಂತವನಲ್ಲ. ಚುಕ್ಕಾಣಿ ಹಿಡಿದಿರೋದು ಯಾರು ಅಂತ ಅವನಿಗೂ ಗೊತ್ತಾಗುತ್ತೆ ಕಣೋ."

"ಉಣ್ಣೋ ಹೊತ್ತಲ್ಲಿ ಇಂಜಿನ್ ಮಾತು ಬೇಡ" ಎಂದರು ಅತ್ತೆ.

"ನೀನೊಬ್ಬಳು ಸುಮ್ನಿರಮ್ಮ" ಎಂದು ಮಗ ರೇಗಿದ. ಅತ್ತೆಯ ಮುಖ ಸಣ್ಣದಾದದ್ದು ನೋಡಿ ತಾನೇ ತಗ್ಗಿದ. "ನಿನಗಲ್ಲ ಅಂದಿದ್ದು. ಈ ಮನೇಲಿ ನೆಟ್ಟಗೆ ಒಂದು ಕೆಲಸ ಅಂತ ಆಗಿದ್ರೆ ಅದು ನಿನ್ನ ಟೋಪಿ. ಅದೂ ಇಲ್ದಿದ್ರೆ ಟ್ಯಾಂಕಿಗೆ ಮಳೆನೀರೂ ಸೇರ್ತಿತ್ತು."

ಟೋಪಿ ಅಂದರೆ ಟ್ಯಾಂಕಿನ ಮುಚ್ಚಳಕ್ಕೆ ಅತ್ತೆ ಹೊಲಿದ ಟೋಪಿ. ಟ್ಯಾಂಕು ಲಾಂಚಿನ ಮೇಲೆ ಬಯಲಲ್ಲೇ ಇತ್ತು. ಮಳೆಗಾಲ ಹತ್ತಿರವಾದಾಗ ಅತ್ತೆ ಹಳೇ ರೆಕ್ಸಿನ್ ಸೀಟು ಕತ್ತರಿಸಿ, ಹೊಲಿಗೆ ಮಷೀನು ತುಳಿದು, ಮುಚ್ಚಳದ ಮೇಲೆ ಕವುಚಿ ಕತ್ತಿಗೆ ದಾರ ಬಿಗಿಯುವ ಹಾಗೆ ಅದನ್ನು ಮಾಡಿಕೊಟ್ಟಿದ್ದರು. ಲಾಂಚಿನ ವಿಷಯದಲ್ಲಿ ಮಾವನೂ ಅವರ ಮಾತು ಕೇಳಿದವರಲ್ಲ, ಮಗನೂ ಕೇಳಿದವನಲ್ಲ. ಅಷ್ಟು ದೊಡ್ಡ ಲಾಂಚಿನಲ್ಲಿ ಅತ್ತೆಯದು ಅಂತ ಇದ್ದದ್ದು ಆ ಗೇಣುದ್ದದ ರೆಕ್ಸಿನ್ ತುಂಡು. ಮಗನ ಮಾತು ಕೇಳಿ ಅವರು ಅವನ ತಟ್ಟೆಗೆ ಇನ್ನೊಂದು ಸೌಟು ಪಲ್ಯ ಬಡಿಸಿದರು.

ಮಾರನೇ ವಾರ ಇಂಜಿನ್ನು ಮತ್ತೆ ನಿಂತಿತು. ಅದಾದ ಮೇಲೆ ಮತ್ತೆ. ವಿಚಿತ್ರವೆಂದರೆ ಟ್ಯಾಂಕು ಭರ್ತಿಯಾದ ದಿನವೇ ಬೇಗ ನಿಲ್ಲುತ್ತಿತ್ತು. "ಇವನೆಂಥ ಪ್ರಾಣಿ! ಹೊಟ್ಟೆ ತುಂಬಿದಾಗಲೇ ಮುಷ್ಕರ ಹೂಡ್ತಾನಲ್ಲ" ಎಂದರು ಮಾವ. ಯಾರೂ ನಗಲಿಲ್ಲ.

ಸೊಸೆ ಗಂಡನನ್ನು ಹಿತ್ತಲಿಗೆ ಕರೆದಳು. "ರೀ, ಇದು ಸರಿಹೋಗೋವರೆಗೂ ಬಟಾಣಿನ ಶಾಲೆಗೆ ಕಳಿಸೋದು ಬೇಡ." ಬಟಾಣಿ ಅವರ ಒಬ್ಬಳೇ ಮಗಳು, ಎರಡನೇ ಕ್ಲಾಸು, ದುಂಡಗೆ, ಒಂದು ಕಡೆ ನಿಲ್ಲದೆ ಉರುಳಾಡುತ್ತಿದ್ದದ್ದಕ್ಕೆ ತಾತ ಇಟ್ಟ ಹೆಸರು.

"ಹಾಲಿನವನು ಇವತ್ತು ಹತ್ತೋಕ್ ಮುಂಚೆ ಏನ್ ಕೇಳ್ದ ಗೊತ್ತಾ?" ಎಂದ ಗಂಡ. "'ಮಗಳು ಹತ್ತಿದ್ಲಾ?' ಅಂದ. ಹತ್ತಿ ಕೂತಿದ್ದಾಳೆ ನೋಡು ಅಂದೆ. ಆಮೇಲೆ ಕ್ಯಾನ್ ಎತ್ತಿಟ್ಟ. ಟೀಚರಮ್ಮನೂ ಅಷ್ಟೇ, ಅವಳ ಪಕ್ಕದಲ್ಲೇ ಹೋಗಿ ಕೂರ್ತಾರೆ. ನಾಳೆ ಅವಳು ಬರಲಿಲ್ಲ ಅಂದ್ರೆ ಒಬ್ಬನೂ ಕಾಲಿಡಲ್ಲ."

"ಇಡದಿದ್ರೆ ಬೇಡ."

"ಲಾಂಚ್ ನಿಂತ್ರೆ ಒಲೆ ನಿಲ್ಲುತ್ತೆ."

"ಹಾಗಂತ ಮಗಳನ್ನ ಅಡ ಇಡೋದಾ?"

ಅವನು ಗ್ರೀಸು ಹತ್ತಿದ ಕೈಯನ್ನು ಸೋಪು ಹಚ್ಚಿ ಹಚ್ಚಿ ತೊಳೆದ. ಅವನಿಗೂ ಹೆದರಿಕೆಯಾಗಿದೆ ಅನ್ನುವುದು ಅವಳಿಗೆ ಗೊತ್ತಾಯಿತು, ಅದರಿಂದ ಅವಳ ಹೆದರಿಕೆ ಇನ್ನೂ ಹೆಚ್ಚಾಯಿತು. ಅಪ್ಪ ಹೆದರಿಕೊಂಡೇ ಮಗಳನ್ನು ಹತ್ತಿಸಿಕೊಳ್ಳುತ್ತಾನೆ ಅಂದಮೇಲೆ ತಡೆಯುವವರು ಯಾರು?

ಅಂದಿನಿಂದ ಅವಳು ಪ್ರತಿ ಸುತ್ತಿಗೂ ಫೋನು ಮಾಡತೊಡಗಿದಳು.

"ಎಲ್ಲಿದ್ದೀರಿ?"

"ಹೊಳೆ ಮೇಲೆ. ಇನ್ನೆಲ್ಲಿ, ಮಾವನ ಮನೇಲಿರ್ತೀನಾ? ಚುಕ್ಕಾಣಿ ಹಿಡೀಲಾ, ಫೋನ್ ಹಿಡೀಲಾ?"

ಕೆಲವು ದಿನ ಹೀಗೆ ಬೈದ. ಆಮೇಲೆ ಬೈಯುವುದನ್ನೂ ಬಿಟ್ಟು ಕಟ್ ಮಾಡತೊಡಗಿದ. "ಅಮ್ಮನ್ನ ನೋಡಿ ಕಲಿ" ಎಂದ ಒಂದು ಸಂಜೆ. ಅತ್ತೆ ತಮ್ಮ ಬಟನ್ ಫೋನನ್ನು ಕರ್ಚೀಫಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಿದ್ದರು. ಬಂದ ಫೋನು ಎತ್ತುವುದೇ ಹೊರತು ತಾವಾಗಿ ಮಾಡಿದವರಲ್ಲ. "ಅಮ್ಮನ ಫೋನ್ ಬಂತು ಅಂದ್ರೆ ಮನೆಗೆ ಬೆಂಕಿ ಬಿದ್ದಿದೆ ಅಂತಲೇ ಅರ್ಥ" ಎಂದು ಮಗ ನಕ್ಕ. ಅತ್ತೆ ಸೊಸೆಯ ಕಡೆ ನೋಡಿ, "ದಿನಾ ಕೂಗ್ತಿದ್ರೆ ಯಾರಿಗೇ ಬೆಲೆ ಇರುತ್ತೆ?" ಎಂದರು.

ಕೊನೆಗೆ ಆ ದಡದಿಂದ ಇಂಜಿನ್ ರಿಪೇರಿಯ ಮೇಸ್ತ್ರಿ ಬಂದ. ಲಾಂಚನ್ನು ದಡಕ್ಕೆ ಕಟ್ಟಿ, ಬಟ್ಟೆ ಹಾಸಿ, ಎಲ್ಲ ಬಿಚ್ಚಿಟ್ಟ. ಟೋಪಿ, ಮುಚ್ಚಳ ತೆಗೆದಿಟ್ಟು ಟ್ಯಾಂಕಿನ ತಳಕ್ಕೆ ಬ್ಯಾಟರಿ ಬಿಟ್ಟು ನೋಡಿದ. ಹೊಸ ಫಿಲ್ಟರು, ಹೊಸ ವಾಷರು, ಹೊಸ ಪೈಪು ಹಾಕಿದ. ಟ್ಯಾಂಕಿನ ಬಾಯಿ ತೆರೆದಿಟ್ಟೇ ಇಂಜಿನ್ನನ್ನು ಮಧ್ಯಾಹ್ನವಿಡೀ ಓಡಿಸಿದ. ಅದು ಒಂದು ಸಲವೂ ಕೆಮ್ಮಲಿಲ್ಲ.

"ಎಲ್ಲೋ ಗಾಳಿ ನುಗ್ತಾ ಇತ್ತು" ಎಂದ, ಅತ್ತೆ ತಂದುಕೊಟ್ಟ ಟೀ ಹೀರುತ್ತ. "ಡೀಸೆಲ್ ಇಂಜಿನ್ನಿಗೆ ಗಾಳಿಯೇ ಶತ್ರು. ಕೂದಲೆಳೆ ಸಂದಿ ಇದ್ರೂ ಸಾಕು. ಎಲ್ಲಾ ಕಡೆ ಬಿಗಿ ಮಾಡಿಟ್ಕೊಳ್ಳಿ."

ಅವನು ಹೇಳಿದ್ದು ಪೈಪಿನ ಮಾತು. ಅತ್ತೆ ಲೋಟ ಹಿಡಿದು ಅಲ್ಲೇ ನಿಂತಿದ್ದರು, ಒಂದಕ್ಷರ ಬಿಡದೆ ಕೇಳಿಸಿಕೊಂಡರು. ಸಂಜೆ ಹೊಲಿಗೆ ಮಷೀನು ಮತ್ತೆ ಸದ್ದು ಮಾಡಿತು. ಲಾರಿಯ ಹಳೇ ಟ್ಯೂಬು ಕತ್ತರಿಸಿ ಟೋಪಿಯ ಒಳಗೆ ಅಸ್ತರು ಕೊಟ್ಟು, ಕತ್ತಿಗೆ ದಾರದ ಬದಲು ರಬ್ಬರಿನ ಪಟ್ಟಿ ಹಾಕಿದರು. "ಈಗ ನೋಡು, ಸೊಳ್ಳೆಯ ಉಸಿರೂ ಒಳಗೆ ಹೋಗಲ್ಲ" ಎಂದು ಸೊಸೆಗೆ ತೋರಿಸಿದರು. "ನನ್ನ ಮೊಮ್ಮಗಳು ಕೂರೋ ಲಾಂಚು."

ಆ ವಾರ ಇಂಜಿನ್ನು ಹಿಂದೆಂದಿಗಿಂತ ಹೆಚ್ಚು ಸಲ ನಿಂತಿತು. ಒಂದು ಸಲ ಲಂಗರು ಹಿಡಿಯದೆ ಜಾರಿ, ಕೆಂಪು ಡ್ರಮ್ಮಿನ ಮೇಲಿನ ತುಕ್ಕು ಕಾಣಿಸುವಷ್ಟು ಹತ್ತಿರ ಹೋಗಿ ಬಂತು. ಬಟಾಣಿ ಮನೆಗೆ ಬಂದು, "ಅಮ್ಮಾ, ಇವತ್ತು ಟೀಚರ್ ನನ್ನ ಕೈ ಹಿಡ್ಕೊಂಡು ಕಣ್ಣು ಮುಚ್ಕೊಂಡಿದ್ರು" ಎಂದಳು.

ಮಾರನೇ ದಿನ ಭಾನುವಾರ. ಅವಳು ಅಡುಗೆಮನೆಯಲ್ಲಿ ಹೊಸ ಎಣ್ಣೆ ಡಬ್ಬ ತೆಗೆದಳು. ಮನಸ್ಸು ಹೊಳೆಯಲ್ಲಿತ್ತು. ಡಬ್ಬದ ನೆತ್ತಿಗೆ ಮೊಳೆಯಿಟ್ಟು ಒಂದು ತೂತು ಹೊಡೆದು ಬಗ್ಗಿಸಿದಳು. ಎಣ್ಣೆ ಗ್ಳಕ್ ಎಂದು ಸ್ವಲ್ಪ ಬಂತು, ನಿಂತಿತು. ಅಲುಗಾಡಿಸಿದಳು. ಮತ್ತೆ ಗ್ಳಕ್, ಮತ್ತೆ ನಿಂತಿತು.

ಹೊಸಿಲ ಮೇಲೆ ಕೂತು ತರಕಾರಿ ಹೆಚ್ಚುತ್ತಿದ್ದ ಅತ್ತೆ ತಲೆಯೆತ್ತದೆ ಹೇಳಿದರು: "ಇನ್ನೊಂದು ತೂತು ಹೊಡಿಯೇ. ಗಾಳಿ ಒಳಗೆ ಹೋಗದೆ ಎಣ್ಣೆ ಹೊರಗೆ ಹೇಗೆ ಬರುತ್ತೆ?"

ಸೊಸೆ ಡಬ್ಬ ಹಿಡಿದುಕೊಂಡು ನಿಂತೇ ಇದ್ದಳು.

ಟ್ಯಾಂಕಿನ ಮುಚ್ಚಳದ ನಡುವೆ ಸೂಜಿ ತೂರುವಷ್ಟು ಒಂದು ತೂತಿತ್ತು. ಅದನ್ನು ಅವಳು ಸಾವಿರ ಸಲ ನೋಡಿದ್ದಳು, ಯಾಕಿದೆ ಎಂದು ಕೇಳಿರಲಿಲ್ಲ. ಇಂಜಿನ್ನು ನಿಂತು ಬಂದ ದಿನ ಗಂಡ ದಡದಲ್ಲಿ ಮುಚ್ಚಳ ತೆಗೆಯುವಾಗ ಉಸ್ಸೆಂದು ಒಂದು ಸದ್ದಾಗುತ್ತಿತ್ತು, ಬಹಳ ಹೊತ್ತು ಉಸಿರು ಕಟ್ಟಿಕೊಂಡವರು ಬಿಟ್ಟ ಹಾಗೆ. ಎಲ್ಲರೂ ಒಳಗೆ ಹೋಗುವ ಗಾಳಿಯನ್ನು ಹುಡುಕುತ್ತಿದ್ದರು. ದೊಡ್ಡಣ್ಣ ಗಾಳಿಯಿಲ್ಲದೆ ಸಾಯುತ್ತಿದ್ದ. ಟ್ಯಾಂಕು ತುಂಬಿದ ದಿನ ಒಳಗೆ ಗಾಳಿಗೆ ಜಾಗವೇ ಇಲ್ಲ, ಅದಕ್ಕೇ ಅವತ್ತು ಬೇಗ ಉಸಿರು ಕಟ್ಟುತ್ತಿತ್ತು. ಅವನ ಬಾಯಿ ಮುಚ್ಚಿದ್ದು ಅತ್ತೆಯ ಟೋಪಿ.

ಹೇಳಲು ಬಾಯಿ ತೆರೆದಳು. ಅತ್ತೆ ಬದನೆಕಾಯಿ ಹೆಚ್ಚುತ್ತ ಏನೋ ಗುನುಗುತ್ತಿದ್ದರು. ವಾರಗಟ್ಟಲೆ ಜಗಳ ಹರಿದಾಡಿದ ಆ ಮನೆಯಲ್ಲಿ ಒಳ್ಳೆಯ ಮಾತು ಬಂದಿದ್ದರೆ ಅದು ಆ ಟೋಪಿಯ ಬಗ್ಗೆ ಮಾತ್ರ. ಈಗ ಹೇಳಿದರೆ? ಮೊಮ್ಮಗಳನ್ನು ಕಾಪಾಡಲಿಕ್ಕೆಂದು ಹೊಲಿದದ್ದೇ ಅವಳನ್ನು ಡ್ರಮ್ಮಿನ ಹತ್ತಿರ ಒಯ್ದಿತ್ತು ಎಂದು ಈ ಮುದುಕಿಗೆ ಹೇಳಲು ಸೊಸೆಗೆ ನಾಲಿಗೆ ಏಳಲಿಲ್ಲ. ಗಂಡನಿಗೆ ಹೇಳೋಣವೆಂದರೆ ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಮುಂದಿನ ಜಗಳದಲ್ಲೇ ತಾಯಿಯ ಮುಖಕ್ಕೆ ಎಸೆಯುತ್ತಾನೆ.

ಅವಳು ಇನ್ನೊಂದು ತೂತು ಹೊಡೆದು ಎಣ್ಣೆ ಬಗ್ಗಿಸಿದಳು. ಆಮೇಲೆ ಗೋಣಿ ಹೊಲಿಯುವ ದಬ್ಬಳವನ್ನು ಸೆರಗಿನಡಿ ಮುಚ್ಚಿಕೊಂಡು ಲಾಂಚಿಗೆ ಹೋಗಿ, ಟೋಪಿಯ ನೆತ್ತಿಯಲ್ಲಿ ಚುಚ್ಚಿ ತಿರುವಿ ಕಡಲೆಕಾಳು ಹೋಗುವಷ್ಟು ತೂತು ಮಾಡಿದಳು.

ಸೋಮವಾರ ಇಂಜಿನ್ನು ನಿಲ್ಲಲಿಲ್ಲ. ಮಂಗಳವಾರವೂ ಇಲ್ಲ. ಮಳೆಯೂ ಬಿಡುವು ಕೊಟ್ಟಿತ್ತು. "ಹೊಸ ಪೈಪು ಒಗ್ಗಿಕೊಳ್ಳೋಕೆ ಸ್ವಲ್ಪ ಹೊತ್ತು ಬೇಕಿತ್ತು ಅಷ್ಟೇ" ಎಂದ ಗಂಡ. "ನಾನು ಎರಡು ಸಲ ಸೋಸಿ ಹಾಕ್ತಿದೀನಿ, ಅದಕ್ಕೆ" ಎಂದರು ಮಾವ. ಅತ್ತೆ ಹೆಮ್ಮೆಯಿಂದ ಮಜ್ಜಿಗೆ ಬಡಿಸಿದರು. ಮೂವರೂ ಗೆದ್ದಿದ್ದರು. ಯಾರಿಗೂ ನೋವಾಗಲಿಲ್ಲವಲ್ಲ ಎಂದು ಸೊಸೆ ತನ್ನ ಬುದ್ಧಿವಂತಿಕೆಗೆ ತಾನೇ ಬೆನ್ನು ತಟ್ಟಿಕೊಂಡಳು. ಫೋನು ಮಾಡುವುದನ್ನೂ ಬಿಟ್ಟಳು.

ಹೀಗೆ ವಾರ ಕಳೆಯಿತು. ಆಮೇಲೆ ಒಂದು ಬೆಳಿಗ್ಗೆ ಮೋಡ ಕಪ್ಪಗೆ ಕವಿದು, ಒಡ್ಡಿನ ಕಡೆಯಿಂದ ಗೇಟು ತೆಗೆಯುವ ಸೈರನ್ನು ಕೂಗಿತು. ಬಟಾಣಿ ರೇನ್‌ಕೋಟು ಹಾಕಿಕೊಂಡು ತನ್ನ ಜಾಗದಲ್ಲಿ ಕೂತಳು. ಅವಳನ್ನು ನೋಡಿ ಹಾಲಿನವನು ಹತ್ತಿದ, ಟೀಚರು ಹತ್ತಿದರು, ಆಸ್ಪತ್ರೆಗೆ ಹೊರಟಿದ್ದ ಬಸುರಿಯೊಬ್ಬಳು ಹತ್ತಿದಳು. ಲಾಂಚು ಹೊರಟಿತು. ಅತ್ತೆ ಕೊಡೆ ಹಿಡಿದು ದಡಕ್ಕೆ ಬಂದು ಸೊಸೆಯ ಪಕ್ಕ ನಿಂತರು.

"ಮಳೆ ಬಂದ್ರೂ ಈಗ ಚಿಂತೆಯಿಲ್ಲ" ಎಂದರು. "ನಿನ್ನೆ ಟೋಪಿ ಒಗೆಯೋಣ ಅಂತ ತಂದು ನೋಡ್ತೀನಿ, ನೆತ್ತಿಮೇಲೆ ಇಷ್ಟಗಲ ತೂತು! ಇಲಿ ಕಡಿದಿರ್ಬೇಕು. ಟ್ಯೂಬಿಂದು ಎರಡು ಪದರ ತೇಪೆ ಹಾಕಿ ಹೊಲಿದು, ಬೆಳಿಗ್ಗೆ ನಾನೇ ಹೋಗಿ ಬಿಗಿದು ಬಂದೆ. ದೇವರು ದೊಡ್ಡವನು, ನನ್ನ ಕಣ್ಣಿಗೆ ಬಿತ್ತು."

ಸೊಸೆಯ ಕೈಯಿಂದ ಟಿಕೆಟ್ಟಿನ ಕಟ್ಟು ಕೆಸರಿಗೆ ಬಿತ್ತು. ಮಾವ ಬೆಳಿಗ್ಗೆಯೇ ಟ್ಯಾಂಕು ಭರ್ತಿ ಮಾಡಿದ್ದರು. ಅದು ತುಂಬಿದೆಯೆಂದು ಗೊತ್ತಿರುವಾಗ ಮುಚ್ಚಳ ತೆಗೆದು ನೋಡಲು ಗಂಡನಿಗೆ ಕಾರಣವೇ ಇರಲಿಲ್ಲ.

ಫೋನು ಮಾಡಿದಳು. ಅವನು ಕಟ್ ಮಾಡಿದ. ಮತ್ತೆ ಮಾಡಿದಳು. ಮತ್ತೆ ಕಟ್. ನಡುಹೊಳೆಯಲ್ಲಿ ದೊಡ್ಡಣ್ಣನ ದನಿ ಏರಿತು, ಇಳಿಯಿತು, ಬಿಕ್ಕಳಿಸಿತು. ಹೊಳೆಯ ಸದ್ದು ದೊಡ್ಡದಾಯಿತು.

ಮನೆಯ ಜಗಲಿಯಿಂದ ಮಾವ ಕೂಗಿದರು: "ನಿಂತನಲ್ಲೇ! ನಿಂತ!"

ಲಾಂಚು ಮೆಲ್ಲಗೆ ಅಡ್ಡ ತಿರುಗಿತು. ಗಂಡ ಲಂಗರು ಎಸೆದದ್ದು ಕಾಣಿಸಿತು. ಹಗ್ಗ ಬಿಗಿಯಿತು, ಜಾರಿತು, ಮತ್ತೆ ಬಿಗಿಯಿತು, ಮತ್ತೆ ಜಾರಿತು. ಅವನು ಬಗ್ಗಿ ಕೈಪಂಪು ಒತ್ತುತ್ತಿದ್ದ. ಎಷ್ಟು ಒತ್ತಿದರೂ ಡೀಸೆಲ್ ಬರದು, ಬರುವುದಿಲ್ಲ. ಅವಳು ಹಾಲಿನವನಿಗೆ ಫೋನು ಮಾಡಿದಳು, ಸ್ವಿಚ್ ಆಫ್. ಗಂಡನಿಗೆ ಮಾಡಿದಳು. ಕಟ್. ಗಂಟಲು ಹರಿಯುವಂತೆ ಕೂಗಿದಳು. ಗಾಳಿ ಆ ಕೂಗನ್ನು ಅವಳ ಮುಖಕ್ಕೇ ವಾಪಸು ತಂದಿತು. ಕಂದು ನೀರಿನ ನಡುವೆ ಮಗಳ ರೇನ್‌ಕೋಟು ಒಂದು ಹಳದಿ ಚುಕ್ಕೆಯಾಗಿ ಕಾಣುತ್ತಿತ್ತು. ಆ ಚುಕ್ಕೆ ಡ್ರಮ್ಮುಗಳ ಕಡೆಗೆ ಹೋಗುತ್ತಿತ್ತು.

"ಅತ್ತೆ, ನಿಮ್ಮ ಫೋನು! ನೀವು ಮಾಡಿ, ನಿಮ್ಮದಾದ್ರೆ ಎತ್ತುತ್ತಾರೆ. ಟೋಪಿ ಕಿತ್ತೆಸಿ ಅನ್ನಿ!"

"ಟೋಪಿನಾ? ಯಾಕೆ?"

"ಆ ತೂತು ಮಾಡಿದ್ದು ನಾನು ಅತ್ತೆ. ಟೋಪಿ ಹಾಕಿದ್ರೆ ಟ್ಯಾಂಕಿಗೆ ಗಾಳಿ ಹೋಗಲ್ಲ. ಅದಕ್ಕೇ ನಿಲ್ತಿರೋದು. ಮೊದಲಿಂದಲೂ ಅದಕ್ಕೇ."

ಅತ್ತೆ ಅವಳ ಮುಖವನ್ನು ಒಮ್ಮೆ ನೋಡಿದರು. ಕೊಡೆ ಕೆಳಗೆ ಬಿಟ್ಟರು, ಕರ್ಚೀಫು ಬಿಚ್ಚಿದರು. ತಾವಾಗಿ ಎಂದೂ ಫೋನು ಮಾಡದವರಿಗೆ ಯಾವ ಬಟನ್ ಅಂತ ತಿಳಿಯಲಿಲ್ಲ, ಸೊಸೆ ಒತ್ತಿಕೊಟ್ಟಳು. ದೂರದಲ್ಲಿ ಬಗ್ಗಿದ್ದ ಗಂಡ ಎದ್ದು ನಿಂತು ಫೋನು ಕಿವಿಗೆ ಹಿಡಿದ.

"ಮಗಾ, ನಾನು. ನಾನು ಹೊಲಿದ ಟೋಪಿ ಕಿತ್ತುಹಾಕು. ಮುಚ್ಚಳಾನೂ ತೆಗಿ. ಎದುರು ಮಾತಾಡ್ಬೇಡ. ಕೀಳೋ!"

ಜೀವಮಾನದಲ್ಲಿ ಅತ್ತೆ ಲಾಂಚಿನ ವಿಷಯದಲ್ಲಿ ಕೊಟ್ಟ ಮೊದಲ ಅಪ್ಪಣೆ ಅದು. ಅವನು ಟ್ಯಾಂಕಿನ ಕಡೆ ಓಡಿದ. ರಬ್ಬರಿನ ಪಟ್ಟಿ ಬಿಡಿಸಲು ಬರದೆ ಚಾಕು ಹಾಕಿದ. ಮತ್ತೆ ಪಂಪಿನ ಹತ್ತಿರ ಬಗ್ಗಿದ. ಹ್ಯಾಂಡಲ್ ತಿರುಗಿಸಿದ. ಇಲ್ಲ. ಮತ್ತೆ ತಿರುಗಿಸಿದ. ಇಲ್ಲ. ಅತ್ತೆ ಸೊಸೆಯ ರಟ್ಟೆ ಹಿಡಿದುಕೊಂಡಿದ್ದರು, ಉಗುರು ಚರ್ಮಕ್ಕೆ ಇಳಿದಿತ್ತು, ಇಬ್ಬರಿಗೂ ಅದು ತಿಳಿಯಲಿಲ್ಲ. ಲಾಂಚಿನ ಹಿಂಭಾಗ ಒಂದು ಕೆಂಪು ಡ್ರಮ್ಮಿಗೆ ತಗುಲಿ, ಡ್ರಮ್ಮು ಮುಳುಗಿ ಎದ್ದಿತು.

ಆಗ ಹೊಗೆ ಕಾಣಿಸಿತು. ಆಮೇಲೆ ಸದ್ದು.

ಲಾಂಚು ಆ ದಡ ಮುಟ್ಟಿ, ಹಳದಿ ಚುಕ್ಕೆ ನೆಲದ ಮೇಲೆ ಓಡುವುದನ್ನು ಕಂಡ ಮೇಲೆಯೇ ಅತ್ತೆ ಕೈ ಬಿಟ್ಟದ್ದು. ಅವರು ಅಲ್ಲೇ ಕೆಸರಿನಲ್ಲಿ ಕುಕ್ಕರಿಸಿದರು.

ಮಧ್ಯಾಹ್ನ ಯಾರೂ ಉಣ್ಣಲಿಲ್ಲ. ಅತ್ತೆ ಅಡುಗೆಮನೆಗೆ ಬಂದು ಎಣ್ಣೆ ಡಬ್ಬವನ್ನು ಎದುರಿಗೆ ಎಳೆದುಕೊಂಡು ಕೂತರು. ಒಂದು ತೂತಿನ ಮೇಲೆ ಬೆರಳಿಟ್ಟು ಬಟ್ಟಲಿಗೆ ಬಗ್ಗಿಸಿದರು. ಗ್ಳಕ್ ಎಂದು ನಿಂತಿತು. ಬೆರಳು ತೆಗೆದರು, ಹರಿಯಿತು. ಮತ್ತೆ ಬೆರಳಿಟ್ಟರು.

"ಅವತ್ತು ಇನ್ನೊಂದು ತೂತು ಹೊಡಿ ಅಂದವಳು ನಾನೇ."

"ಹೂಂ ಅತ್ತೆ."

"ಅವತ್ತೇ ನಿನಗೆ ಗೊತ್ತಾಯ್ತಾ?"

"ಹೂಂ."

"ನನಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಬೇಜಾರಾಗುತ್ತೆ ಅಂತ."

ಅತ್ತೆ ಡಬ್ಬ ಕೆಳಗಿಟ್ಟರು. "ಬೇಜಾರಾಗಿದ್ರೆ ಏನ್ ಮಾಡ್ತಿದ್ದೆ ನಾನು? ಅಳ್ತಿದ್ದೆ. ನಿನ್ನ ಬಾಯಿಗೆ ಬಂದ ಹಾಗೆ ಬೈತಿದ್ದೆ. ಎರಡು ಹೊತ್ತು ಊಟ ಬಿಡ್ತಿದ್ದೆ. ಅದರಿಂದ ಯಾರೂ ಮುಳುಗ್ತಿರ್ಲಿಲ್ಲ ಕಣೇ."

ಅತ್ತೆ ಅತ್ತರು, ಬೈದರು. ಮುಗಿದ ಮೇಲೆ ಎದ್ದು, ಬಟ್ಟಲಿನ ಎಣ್ಣೆಯನ್ನು ಬಾಣಲೆಗೆ ಹಾಕಿ ಒಲೆ ಹಚ್ಚಿದರು. ಶಾಲೆ ಬಿಡುವ ಹೊತ್ತಾಗುತ್ತಿತ್ತು. ಮಗು ಹಸಿದುಕೊಂಡು ಬರುತ್ತದೆ.

ಮಳೆ ಶುರುವಾಯಿತು. ಆ ದಡದಲ್ಲಿ ದೊಡ್ಡಣ್ಣನ ಸದ್ದು ಎದ್ದಿತು. ಇಬ್ಬರೂ ಒಲೆ ಸಣ್ಣಗೆ ಮಾಡಿ ಬಾಗಿಲಿಗೆ ಬಂದು ನಿಂತರು. ಸದ್ದು ಹತ್ತಿರವಾಯಿತು, ನಡುಹೊಳೆಗೆ ಬಂತು. ಒಂದೇ ಸಮನಾಗಿತ್ತು, ಎಲ್ಲೂ ತಡವರಿಸಲಿಲ್ಲ. ಆದರೂ ಅತ್ತೆಯ ಕೈ ತಾನಾಗಿ ಸೊಂಟಕ್ಕೆ ಹೋಯಿತು, ಕರ್ಚೀಫು ಬಿಚ್ಚಿತು. ಈ ಸಲ ಬಟನ್ ಅವರೇ ಒತ್ತಿದರು.

ಮಗ ಮೊದಲನೇ ರಿಂಗಿಗೇ ಎತ್ತಿದ.

"ಟೋಪಿ ಇಲ್ಲ ತಾನೇ?" ಎಂದರು ಅತ್ತೆ.

"ಇಲ್ಲಮ್ಮ. ಬಟಾಣಿ ಟ್ಯಾಂಕಿಗೆ ಕೊಡೆ ಹಿಡಿದಿದ್ದಾಳೆ."

"ಸರಿ" ಎಂದರು ಅತ್ತೆ. "ಫೋನ್ ಇಡಬೇಡ. ದಡ ಮುಟ್ಟೋವರೆಗೂ ಹಿಡ್ಕೊಂಡಿರು."